ಎಂಟು ಸುತ್ತು, ಹತ್ತು ಕೋಟಿ

ಒಂದು ಲೆಕ್ಕ ಹಾಕೋಣ. ಕಾಗದ, ಪೆನ್ನು ಇದ್ದರೆ ಸಾಕು. 2018ರಲ್ಲಿ ವಾಟ್ಸ್ಯಾಪ್ ಗ್ರೂಪೊಂದರಲ್ಲಿ ಹೆಚ್ಚೆಂದರೆ 256 ಮಂದಿ ಇರಬಹುದಿತ್ತು. ನಿಮ್ಮ ಕೈಗೆ ಬಂದ ಸಂದೇಶವೊಂದನ್ನು ನೀವು ಐದು ಗ್ರೂಪಿಗೆ ಕಳಿಸಿದಿರಿ ಎನ್ನಿ. 1,280 ಜನರಿಗೆ ತಲುಪಿತು. ಪ್ರತಿ ಗ್ರೂಪಿನಲ್ಲೂ ಮಿಕ್ಕವರೆಲ್ಲ ಸುಮ್ಮನಿದ್ದರು, ಒಬ್ಬರು ಮಾತ್ರ ಅದನ್ನು ಮತ್ತೆ ಐದು ಹೊಸ ಗ್ರೂಪುಗಳಿಗೆ ದಾಟಿಸಿದರು. ಈಗ 25 ಗ್ರೂಪು, 6,400 ಜನ. ಮೂರನೇ ಸುತ್ತಿಗೆ 32 ಸಾವಿರ. ನಾಲ್ಕನೆಯದಕ್ಕೆ 1 ಲಕ್ಷ 60 ಸಾವಿರ. ಐದಕ್ಕೆ 8 ಲಕ್ಷ, ಆರಕ್ಕೆ 40 ಲಕ್ಷ, ಏಳಕ್ಕೆ 2 ಕೋಟಿ. ಎಂಟನೇ ಸುತ್ತಿಗೆ ಹತ್ತು ಕೋಟಿ. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ, ಸರಿಯಾಗಿ 10,00,00,000.

2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಅಂದರೆ ಎಂಟನೇ ಸುತ್ತು ಅರ್ಧ ಮುಗಿಯುವುದರೊಳಗೆ ಕನ್ನಡ ಮಾತಾಡುವ ಅಷ್ಟೂ ಮನೆಗಳ ಬಾಗಿಲು ತಟ್ಟಿದಷ್ಟಾಯಿತು. ಒಂದೊಂದು ಸುತ್ತಿಗೆ ಹತ್ತು ನಿಮಿಷ ಹಿಡಿದರೂ ಒಟ್ಟು 80 ನಿಮಿಷದ ಕೆಲಸ. ನಿಜಜೀವನದಲ್ಲಿ ಇಷ್ಟು ನಯವಾಗಿ ನಡೆಯುವುದಿಲ್ಲ, ಸರಿ. ಒಬ್ಬನೇ ಮನುಷ್ಯ ಹತ್ತು ಗ್ರೂಪಿನಲ್ಲಿರುತ್ತಾನೆ, ಎಲ್ಲ ಗ್ರೂಪೂ ತುಂಬಿರುವುದಿಲ್ಲ, ಕೆಲವೆಡೆ ಸಂದೇಶ ಅಲ್ಲೇ ಸಾಯುತ್ತದೆ. ಆದರೆ ಇನ್ನೊಂದು ಮಾತನ್ನೂ ಮರೆಯಬಾರದು. ಈ ಲೆಕ್ಕದಲ್ಲಿ ಫಾರ್ವರ್ಡ್ ಮಾಡುವವರು 256ರಲ್ಲಿ ಒಬ್ಬರು ಮಾತ್ರ. ನಿಮ್ಮ ಗ್ರೂಪಿನಲ್ಲಿ ಎಷ್ಟು ಮಂದಿ ಇದ್ದಾರೆ, ನೀವೇ ನೋಡಿ.

ಈಗ ಅದೇ ಲೆಕ್ಕದಲ್ಲಿ ಒಂದೇ ಒಂದು ಅಂಕಿ ಬದಲಿಸಿ. ಐದು ಇದ್ದಲ್ಲಿ ಒಂದು ಹಾಕಿ. ಪ್ರತಿಯೊಬ್ಬನೂ ಒಂದೇ ಗ್ರೂಪಿಗೆ ಕಳಿಸಬಲ್ಲ ಎಂದಾದರೆ ಎಂಟು ಸುತ್ತಿನ ಕೊನೆಗೆ ಸಂದೇಶ ತಲುಪಿರುವುದು ಎಂಟು ಗ್ರೂಪಿಗೆ, 2,048 ಜನರಿಗೆ. ಹತ್ತು ಕೋಟಿ ಎಲ್ಲಿ, ಎರಡು ಸಾವಿರ ಎಲ್ಲಿ! ಸಂದೇಶ ಅದೇ, ಜನ ಅವರೇ, ಫೋನೂ ಅದೇ.

ಇದು ಬರೀ ಕಾಗದದ ಮೇಲಿನ ಆಟವಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಹೈದರಾಬಾದಿನಿಂದ ಬಂದಿದ್ದ ಕೆಲವು ಸ್ನೇಹಿತರು ಊರೊಂದರ ಹತ್ತಿರ ಕಾರು ನಿಲ್ಲಿಸಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸಂದೇಶಗಳು ಆ ದಿನಗಳಲ್ಲಿ ದೇಶದ ತುಂಬ ಓಡಾಡುತ್ತಿದ್ದವು. ಜನ ಮುಗಿಬಿದ್ದರು, ಇವರು ಕಾರು ಹತ್ತಿ ಹೊರಟರು. ಆದರೆ ವಾಟ್ಸ್ಯಾಪ್ ಸಂದೇಶ ಕಾರಿಗಿಂತ ಮೊದಲೇ ಮುಂದಿನ ಊರಾದ ಮುರ್ಕಿಯನ್ನು ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡಗಟ್ಟಿದ್ದರು. ಒಬ್ಬ ಯುವ ಎಂಜಿನಿಯರನನ್ನು ಜನ ಹೊಡೆದು ಕೊಂದರು. ಅದಕ್ಕೆ ಎರಡು ವಾರ ಮೊದಲು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಇದೇ ಗುಮಾನಿಯಲ್ಲಿ ಐವರು ಸತ್ತಿದ್ದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದ ಒಬ್ಬ ಸತ್ತಿದ್ದ.

ಬೀದರ್ ಘಟನೆಯ ನಂತರದ ವಾರವೇ ವಾಟ್ಸ್ಯಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸುವುದಾಗಿ ಪ್ರಕಟಿಸಿತು. 2019ರ ಜನವರಿಯಲ್ಲಿ ಇಡೀ ಜಗತ್ತಿಗೆ ಅದೇ ನಿಯಮ ಬಂತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಸುಳ್ಳುಗಳು ಹಬ್ಬುತ್ತಿದ್ದಾಗ, ಬಹಳ ಸಲ ಕೈ ಬದಲಾಯಿಸಿದ, ಜೋಡಿ ಬಾಣದ ಗುರುತು ಬಿದ್ದ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸಬಹುದು ಎಂದಾಯಿತು. ಅಂಥ ಸಂದೇಶಗಳ ಓಡಾಟ ಶೇಕಡಾ 70ರಷ್ಟು ಇಳಿಯಿತೆಂದು ಕಂಪನಿಯೇ ಹೇಳಿತು. ಗಮನಿಸಿ, ಸಂದೇಶದಲ್ಲಿ ಏನು ಬರೆದಿದೆ ಎಂದು ಯಾರೂ ಓದಲಿಲ್ಲ. ಓದಲು ಆಗುವುದೂ ಇಲ್ಲ. 2016ರಿಂದ ವಾಟ್ಸ್ಯಾಪ್ ಸಂದೇಶಗಳಿಗೆ ಬೀಗಮುದ್ರೆ ಇದೆ. ಕಳಿಸಿದವರ ಮತ್ತು ಪಡೆದವರ ಫೋನು ಬಿಟ್ಟರೆ ಕಂಪನಿಗೂ ಒಳಗಿರುವುದು ಕಾಣುವುದಿಲ್ಲ. ಅವರ ಕೈಯಲ್ಲಿದ್ದ ತಿರುಪು ಒಂದೇ, ಸಂಖ್ಯೆ.

ಸಾಮಾಜಿಕ ಜಾಲತಾಣಗಳ ಬಗ್ಗೆ ಮಾತು ಬಂದಾಗಲೆಲ್ಲ ನಾವು ಅವುಗಳ ಒಳ್ಳೆಯದು ಕೆಟ್ಟದ್ದರ ಬಗ್ಗೆ ಚರ್ಚಿಸುತ್ತೇವೆ. ಅವುಗಳ ಗಾತ್ರ, ವೇಗ, ಆಯಸ್ಸಿನ ಲೆಕ್ಕವನ್ನು ಅಷ್ಟಾಗಿ ನೋಡುವುದಿಲ್ಲ. ನನ್ನ ಮಟ್ಟಿಗೆ ಎಲ್ಲ ಗುಟ್ಟೂ ಅಲ್ಲೇ ಇದೆ. ಒಂದು ತಾಣದಲ್ಲಿ ಒಂದು ಮಾತು ಎಷ್ಟು ಜನರಿಗೆ ಹೋಗುತ್ತದೆ, ಎಷ್ಟು ಬೇಗ ಹೋಗುತ್ತದೆ, ಎಷ್ಟು ಕಾಲ ಉಳಿಯುತ್ತದೆ, ಬೇಕೆಂದಾಗ ಮತ್ತೆ ಸಿಗುತ್ತದೆಯೇ ಎನ್ನುವುದು ತಿಳಿದರೆ ಆ ತಾಣ ಯಾವ ಕೆಲಸಕ್ಕೆ ಆಗುತ್ತದೆ ಎನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲು ನಮ್ಮ ದೇಶದ ಅಂಕಿ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವೇ ಕೊಟ್ಟದ್ದು: ಭಾರತದಲ್ಲಿ ವಾಟ್ಸ್ಯಾಪ್ ಬಳಸುವವರು 53 ಕೋಟಿ, ಯೂಟ್ಯೂಬ್ 44.8 ಕೋಟಿ, ಫೇಸ್‌ಬುಕ್ 41 ಕೋಟಿ, ಇನ್‌ಸ್ಟಾಗ್ರಾಮ್ 21 ಕೋಟಿ. ಟ್ವಿಟರ್, ಅಂದರೆ ಈಗಿನ ಎಕ್ಸ್, ಬರೀ 1.75 ಕೋಟಿ. ವಾಟ್ಸ್ಯಾಪ್‌ನ ಮೂವತ್ತರಲ್ಲಿ ಒಂದು ಪಾಲು! ಆದರೆ ಆ ದಿನಗಳ ಪತ್ರಿಕೆಯಲ್ಲಿ, ಟಿವಿಯಲ್ಲಿ ಮಂತ್ರಿಗಳ, ತಾರೆಯರ ಮಾತು ಉಲ್ಲೇಖವಾಗುತ್ತಿದ್ದುದು ಬಹುಪಾಲು ಈ ಪುಟ್ಟ ತಾಣದಿಂದ. 53 ಕೋಟಿ ಜನರ ವಾಟ್ಸ್ಯಾಪ್‌ನಿಂದ ಯಾರೂ ಉಲ್ಲೇಖಿಸುತ್ತಿರಲಿಲ್ಲ. ಅದು ಮನೆಯೊಳಗಿನ ಮಾತು, ಇದು ಬೀದಿಯ ಮಾತು. ಜನ ಕಡಿಮೆ ಇದ್ದರೂ ಬೀದಿಯಲ್ಲಿ ಆಡಿದ್ದು ಎಲ್ಲರಿಗೂ ಕೇಳುತ್ತದೆ.

ಮನೆಯೊಳಗಿನ ಆ ಮಾತು ಎಷ್ಟಿದೆ ಎಂಬುದು ಊಹೆಗೆ ಸಿಗುವಂಥದ್ದಲ್ಲ. 2020ರಲ್ಲಿ ವಾಟ್ಸ್ಯಾಪ್ ಕೊಟ್ಟ ಲೆಕ್ಕ ದಿನಕ್ಕೆ 10 ಸಾವಿರ ಕೋಟಿ ಸಂದೇಶ. ಸೆಕೆಂಡಿಗೆ 11 ಲಕ್ಷಕ್ಕೂ ಹೆಚ್ಚು. ಸೆಕೆಂಡಿಗೊಂದರಂತೆ, ಊಟ ನಿದ್ದೆ ಬಿಟ್ಟು ಓದುತ್ತ ಕೂತರೆ, ಒಂದೇ ಒಂದು ದಿನದ ಸಂದೇಶಗಳನ್ನು ಮುಗಿಸಲು 3,170 ವರ್ಷ ಬೇಕು. ಕ್ರಿ.ಶ. ಐದನೇ ಶತಮಾನದಲ್ಲಿ ಹಲ್ಮಿಡಿ ಶಾಸನ ಕೆತ್ತಿದ ದಿನದಿಂದ ಯಾರಾದರೂ ಓದಲು ಶುರುಮಾಡಿದ್ದರೆ ಇವತ್ತಿಗೆ ಸುಮಾರು ಅರ್ಧ ಮುಗಿದಿರುತ್ತಿತ್ತು. 2017ರ ಡಿಸೆಂಬರ್ 31ರಂದು ಭಾರತೀಯರೇ 2 ಸಾವಿರ ಕೋಟಿ ಸಂದೇಶ ಕಳಿಸಿದ್ದರು. ಆ ಹೊತ್ತಿನ ನಮ್ಮ ಜನಸಂಖ್ಯೆಗೆ ಭಾಗಿಸಿದರೆ ಹಸುಗೂಸುಗಳನ್ನೂ ಸೇರಿಸಿ ತಲೆಗೆ ಹದಿನೈದರ ಹತ್ತಿರ ಬರುತ್ತದೆ.

ಇದನ್ನೆಲ್ಲ ನಡೆಸಲು ಎಷ್ಟು ಜನ ಬೇಕು? 2014ರ ಫೆಬ್ರುವರಿಯಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರ್ ಕೊಟ್ಟು ವಾಟ್ಸ್ಯಾಪ್ ಕೊಳ್ಳುವುದಾಗಿ ಪ್ರಕಟಿಸಿದಾಗ ಅದರ ಬಳಕೆದಾರರು 45 ಕೋಟಿ, ನೌಕರರು 55. ತಲಾ ಒಬ್ಬ ನೌಕರನಿಗೆ 80 ಲಕ್ಷಕ್ಕಿಂತ ಹೆಚ್ಚು ಜನ. 2011ರ ಜನಗಣತಿಯಲ್ಲಿ ಇಡೀ ಬೆಂಗಳೂರು ನಗರದ ಜನಸಂಖ್ಯೆ ಇದ್ದದ್ದು 84 ಲಕ್ಷ. ಒಂದು ಬೆಂಗಳೂರಿಗೆ ಒಬ್ಬ ನೌಕರ! ಇನ್‌ಸ್ಟಾಗ್ರಾಮ್ ಅದಕ್ಕೂ ಎರಡು ವರ್ಷ ಮೊದಲು 100 ಕೋಟಿ ಡಾಲರಿಗೆ ಮಾರಾಟವಾದಾಗ ಅಲ್ಲಿದ್ದವರು 13 ಜನ.

ಇಷ್ಟು ದೊಡ್ಡ ಅಂಕಿ ಎಲ್ಲರಿಗೂ ಬೇಕಿಲ್ಲ. ಶಿರಸಿ ಕಡೆ ನನಗೆ ಪರಿಚಯದ ಒಬ್ಬ ಅಕ್ಕ ಇದ್ದಾರೆ. ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಏಪ್ರಿಲ್, ಮೇ ಬಂತೆಂದರೆ ಅವರ ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ. ಬೆಂಗಳೂರು, ಪುಣೆ, ಮುಂಬೈಯಲ್ಲಿರುವ ನಮ್ಮ ಕಡೆಯವರೇ ಗಿರಾಕಿಗಳು. ನಾನು ಅವರಿಗೆ ಒಮ್ಮೆ, "ಅಕ್ಕಾ, ರೀಲ್ಸ್ ಮಾಡಿ ಹಾಕಿ, ಲಕ್ಷ ಜನ ನೋಡ್ತಾರೆ" ಎಂದೆ. ಅವರು ಕೈಯಲ್ಲಿದ್ದ ಹಪ್ಪಳ ತಿರುವಿ ಹಾಕುತ್ತ, "ಲಕ್ಷ ಜನ ನೋಡಿದ್ರೆ ಲಕ್ಷ ಜನಕ್ಕೆ ಹಪ್ಪಳ ಮಾಡೋರು ಯಾರು ತಮ್ಮಾ? ಮಳೆ ಬರೋದ್ರೊಳಗೆ ಇನ್ನೂರು ಮನೆಗೆ ಕೊಟ್ರೆ ನನ್ನ ಕೈ ಸೋಲ್ತದೆ" ಎಂದರು.

ಅವರು ಬಳಸುವುದು ವಾಟ್ಸ್ಯಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ. ಗ್ರೂಪು ಮಾಡಿ ಗಿರಾಕಿಗಳನ್ನೆಲ್ಲ ಒಂದೇ ಕಡೆ ಕೂರಿಸಿದರೆ ಒಬ್ಬರ ಆರ್ಡರಿಗೆ ಇನ್ನೊಬ್ಬರ ಶುಭೋದಯ, ಮತ್ತೊಬ್ಬರ ರಾಜಕೀಯ ಅಡ್ಡ ಬರುತ್ತದೆ. ಬ್ರಾಡ್‌ಕಾಸ್ಟ್‌ನಲ್ಲಿ ಹಾಗಿಲ್ಲ. ಒಂದು ಪಟ್ಟಿಗೆ 256 ಮಂದಿ. ಇವರು ಒಮ್ಮೆ ಕಳಿಸಿದ ದರ, ಫೋಟೋ ಎಲ್ಲರಿಗೂ ಪ್ರತ್ಯೇಕವಾಗಿ ಹೋಗುತ್ತದೆ, ಉತ್ತರವೂ ಇವರೊಬ್ಬರಿಗೇ ಬರುತ್ತದೆ. ಇನ್ನೂ ಒಂದು ಸೊಗಸಾದ ನಿಯಮ ಇದೆ. ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಬೇಡದವರ ಬಾಗಿಲು ತಟ್ಟುವುದೇ ಇಲ್ಲ. 256 ಎಂಬ ಮಿತಿ ಈ ಅಕ್ಕನ ಅಂಗಳಕ್ಕೆ ಅಳತೆ ತೆಗೆದು ಹೊಲಿಸಿದಂತಿದೆ. ಅವರಿಗೆ ಬೇಕಾದ ತಾಣವನ್ನು ಅವರು ಯಾವ ತಜ್ಞರನ್ನೂ ಕೇಳದೆ ಆರಿಸಿಕೊಂಡಿದ್ದಾರೆ. ನನ್ನ ಸಲಹೆಗಿಂತ ಅವರ ಲೆಕ್ಕವೇ ಸರಿ.

ಇನ್ನು ಯೂಟ್ಯೂಬ್. ಇಲ್ಲಿನ ಅಂಕಿಗಳು ಬೇರೆಯೇ ಲೋಕದವು. ಅದರ ಸ್ಥಾಪಕರಲ್ಲೊಬ್ಬನಾದ ಜಾವೇದ್ ಕರೀಂ ಅಮೆರಿಕದ ಸ್ಯಾನ್ ಡಿಯೇಗೋ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಮಾತಾಡಿದ, 2005ರ ಏಪ್ರಿಲ್ 23ರಂದು ತಾಣಕ್ಕೆ ಏರಿಸಿದ 19 ಸೆಕೆಂಡಿನ ತುಣುಕೇ ಮೊದಲ ವೀಡಿಯೊ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಆನೆಗಳ ಸೊಂಡಿಲು ಉದ್ದ ಎಂಬಷ್ಟೇ ಮಾತು. ಆದರೂ ಇಪ್ಪತ್ತು ವರ್ಷ ದಾಟಿ ಅದು ಇಟ್ಟಲ್ಲೇ ಇದೆ, 30 ಕೋಟಿಗಿಂತ ಹೆಚ್ಚು ಸಲ ನೋಡಲಾಗಿದೆ. ಆ 19 ಸೆಕೆಂಡಿನಿಂದ ಶುರುವಾದದ್ದು ಹತ್ತು ಹದಿನೈದು ವರ್ಷದಲ್ಲಿ ನಿಮಿಷಕ್ಕೆ 500 ಗಂಟೆಯ ವೀಡಿಯೊ ಎಂಬಲ್ಲಿಗೆ ಬಂತು. ಗಡಿಯಾರದಲ್ಲಿ ಒಂದು ನಿಮಿಷ ಕಳೆದರೆ ತಾಣಕ್ಕೆ 500 ಗಂಟೆ ಸೇರುತ್ತದೆ. ದಿನಕ್ಕೆ 7 ಲಕ್ಷ 20 ಸಾವಿರ ಗಂಟೆ, ಅಂದರೆ 82 ವರ್ಷ. ಇವತ್ತು ಹುಟ್ಟಿದ ಮಗು ಇವತ್ತು ಏರಿಸಿದ ವೀಡಿಯೊಗಳನ್ನು ಮಾತ್ರ ನೋಡುತ್ತ ಬೆಳೆದರೆ ಸಹಸ್ರ ಚಂದ್ರದರ್ಶನದ ಹೊತ್ತಿಗೆ ಮುಗಿದೀತು. ನಾಳೆಯದು ಹಾಗೇ ಉಳಿದಿರುತ್ತದೆ.

ಏರಿಸುವವರ ಕತೆ ಇದಾದರೆ ನೋಡುವವರದು ಇನ್ನೂ ದೊಡ್ಡದು. ಜನ ದಿನಕ್ಕೆ 100 ಕೋಟಿ ಗಂಟೆ ನೋಡುತ್ತಿದ್ದಾರೆಂದು 2017ರಲ್ಲಿ ಯೂಟ್ಯೂಬ್ ಹೇಳಿತು. ಅದನ್ನು ವರ್ಷಕ್ಕೆ ಇಳಿಸಿದರೆ 1 ಲಕ್ಷ 14 ಸಾವಿರ ವರ್ಷ. ನಮ್ಮ ಮನುಷ್ಯಜಾತಿ ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು 3 ಲಕ್ಷ ವರ್ಷ ಎನ್ನುತ್ತಾರೆ, ಮೊರಾಕೊದಲ್ಲಿ ಸಿಕ್ಕ ಮೂಳೆಗಳ ಆಧಾರದಲ್ಲಿ. ಅಂದರೆ ಮೂರೇ ದಿನದ ನೋಟಗಳನ್ನು ಒಂದರ ಮುಂದೊಂದು ಜೋಡಿಸಿದರೆ ಮನುಷ್ಯಕುಲದ ಇಡೀ ಆಯಸ್ಸನ್ನು ಮೀರುತ್ತದೆ.

ಕೊರಿಯಾದ 'ಗಂಗ್ನಂ ಸ್ಟೈಲ್' ಹಾಡು ನೆನಪಿರಬೇಕು. 2012ರ ಡಿಸೆಂಬರ್‌ನಲ್ಲಿ 100 ಕೋಟಿ ನೋಟ ಮುಟ್ಟಿದ ಮೊದಲ ವೀಡಿಯೊ ಅದು. ಎರಡು ವರ್ಷ ಕಳೆಯುವಷ್ಟರಲ್ಲಿ ಯೂಟ್ಯೂಬ್‌ನ ಎಣಿಕೆ ಯಂತ್ರದ ಮಿತಿಯೇ ಮುಗಿಯುತ್ತ ಬಂತು. ನೋಟಗಳನ್ನು ಎಣಿಸುವ ಜಾಗದಲ್ಲಿ 214 ಕೋಟಿ 74 ಲಕ್ಷ 83 ಸಾವಿರದ 647ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುತ್ತಿರಲಿಲ್ಲ. ಯಾವ ವೀಡಿಯೊ ಅಷ್ಟು ಓಡೀತು ಎಂದು ಮಾಡಿದವರೂ ಎಣಿಸಿರಲಿಲ್ಲ. ಹಾಗಾಗಿ ಎಣಿಕೆಯನ್ನು 64 ಬಿಟ್‌ಗೆ ಏರಿಸಿದರು. ಈಗಿನ ಮಿತಿ ಸುಮಾರು 92 ಸಾವಿರ ಕೋಟಿ ಕೋಟಿ. 2022ರಲ್ಲಿ 'ಬೇಬಿ ಶಾರ್ಕ್' ಎಂಬ ಮಕ್ಕಳ ಹಾಡು ಸಾವಿರ ಕೋಟಿ ನೋಟ ದಾಟಿತು, ಭೂಮಿಯ ಮೇಲಿನ ಜನಸಂಖ್ಯೆಗಿಂತ ಹೆಚ್ಚು.

ಇಲ್ಲಿಗೇ ನಿಲ್ಲಿಸಿದರೆ ಯೂಟ್ಯೂಬ್ ಎಂದರೆ ಕೋಟಿಗಳ ಜಾತ್ರೆ ಎಂದು ತಪ್ಪು ತಿಳಿದಂತಾಗುತ್ತದೆ. ಅಮೆರಿಕದ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್ಸಿನ ಸಂಶೋಧಕರು 2023ರಲ್ಲಿ ಒಂದು ಚಂದದ ಕೆಲಸ ಮಾಡಿದರು. ಯೂಟ್ಯೂಬ್‌ನ ಪ್ರತಿ ವೀಡಿಯೊಗೂ 11 ಅಕ್ಷರ, ಅಂಕಿಗಳ ಒಂದು ಗುರುತು ಇರುತ್ತದೆ. ಅಂಥ ಗುರುತುಗಳು ಸಾಧ್ಯವಿರುವುದು 1 ಲಕ್ಷ 84 ಸಾವಿರ ಕೋಟಿ ಕೋಟಿ. ಇವರು ಗೊತ್ತುಗುರಿಯಿಲ್ಲದೆ ಗುರುತುಗಳನ್ನು ಹುಟ್ಟಿಸಿ, ಯಾರದೋ ಫೋನಿಗೆ ಸುಮ್ಮನೆ ನಂಬರು ಒತ್ತಿದ ಹಾಗೆ, ಯಾವುದರ ಹಿಂದೆ ವೀಡಿಯೊ ಇದೆ ಎಂದು ಹುಡುಕಿದರು. ಹೀಗೆ ಸಿಕ್ಕ ಹತ್ತು ಸಾವಿರ ವೀಡಿಯೊಗಳು ಯೂಟ್ಯೂಬ್ ನಮಗೆ ತೋರಿಸುವ ವೀಡಿಯೊಗಳಲ್ಲ, ನಿಜಕ್ಕೂ ಅಲ್ಲಿರುವ ವೀಡಿಯೊಗಳು. ನೋಟಗಳ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುಮಧ್ಯದ ವೀಡಿಯೊ ಎಷ್ಟು ಸಲ ನೋಡಲ್ಪಟ್ಟಿತ್ತು ಗೊತ್ತೆ? ಸುಮಾರು 40. ನೂರರಲ್ಲಿ ನಾಲ್ಕೈದನ್ನು ಒಬ್ಬರೂ ನೋಡಿರಲಿಲ್ಲ.

ಸಾವಿರ ಕೋಟಿಯ ಅಂಕಿಗಿಂತ ಈ 40 ನನ್ನನ್ನು ಹೆಚ್ಚು ಬೆರಗುಗೊಳಿಸಿತು. ಶಾಲೆಯ ವಾರ್ಷಿಕೋತ್ಸವ, ಮದುವೆಯ ಹಾಡು, ಪಂಪ್‌ಸೆಟ್ ರಿಪೇರಿ, ಯಾರೋ ಮೇಷ್ಟರು ಹೇಳಿಕೊಟ್ಟ ತ್ರಿಕೋನಮಿತಿ, ಇಂಥವುಗಳ ನೆಲೆ ಅದು. 40 ಜನ ಎಂದರೆ ಒಂದು ತುಂಬಿದ ತರಗತಿ. ಮೇಷ್ಟರಿಗೆ ಆ ತರಗತಿ ವರ್ಷಕ್ಕೊಮ್ಮೆ ಸಿಗುತ್ತದೆ. ವೀಡಿಯೊ ಹಾಕಿದರೆ ಹತ್ತು ವರ್ಷ ಬಿಟ್ಟು ಹುಡುಕಿಕೊಂಡು ಬಂದ ನಲವತ್ತೊಂದನೆಯವನಿಗೂ ಸಿಗುತ್ತದೆ. ಯೂಟ್ಯೂಬ್‌ನ ನಿಜವಾದ ಬಲ ಈ ಉಳಿಯುವ, ಹುಡುಕಿದರೆ ಸಿಗುವ ಗುಣ. ವಾಟ್ಸ್ಯಾಪ್ ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುತ್ತದೆ. ಇನ್‌ಸ್ಟಾಗ್ರಾಮ್ ಸ್ಟೋರಿಯೂ ಹಾಗೇ. ಗ್ರೂಪಿಗೆ ಹಾಕಿದ್ದು ನಾಳೆಯ ನೂರು ಸಂದೇಶದ ಕೆಳಗೆ ಹೂತುಹೋಗುತ್ತದೆ. ಕಲಿಸುವ, ಹಾಡುವ, ಮಾಡಿ ತೋರಿಸುವ ಯಾವುದನ್ನೂ ಅಲ್ಲಿ ಮಾತ್ರ ಬಿಡಬಾರದು.

ಎಕ್ಸ್‌ನದು ಇದಕ್ಕೆ ತಿರುಗಮುರುಗ. ಅಲ್ಲಿ ಬೆಲೆ ಈ ಕ್ಷಣಕ್ಕೆ. 2013ರ ಆಗಸ್ಟ್ 2ರಂದು ಜಪಾನಿನ ಟಿವಿಯಲ್ಲಿ ಮಿಯಾಜಾಕಿ ನಿರ್ದೇಶನದ 1986ರ ಕಾರ್ಟೂನ್ ಚಿತ್ರವೊಂದು ಪ್ರಸಾರವಾಯಿತು. ಆಕಾಶದಲ್ಲಿ ತೇಲುವ ನಗರದ ಕತೆ. ಕೊನೆಗೆ ಒಬ್ಬ ಹುಡುಗ, ಒಬ್ಬಳು ಹುಡುಗಿ ಕೈ ಹಿಡಿದು 'ಬಾರುಸು' ಎಂಬ ಮಂತ್ರ ಉಚ್ಚರಿಸುತ್ತಾರೆ, ನಗರ ಕುಸಿಯುತ್ತದೆ. ಅವರು ಹೇಳುವ ಹೊತ್ತಿಗೇ ತಾವೂ ಟ್ವಿಟರ್‌ನಲ್ಲಿ ಅದನ್ನು ಬರೆಯುವುದು ಜಪಾನೀಯರ ಸಂಭ್ರಮ. ಆ ರಾತ್ರಿ ಆ ಒಂದು ಸೆಕೆಂಡಿನಲ್ಲಿ 1,43,199 ಟ್ವೀಟ್ ಬಂದವು. ಆಗಿನ ಮಾಮೂಲಿ ಲೆಕ್ಕ ಸೆಕೆಂಡಿಗೆ 5,700. ಅದರ 25 ಪಟ್ಟು! ಒಂದೂವರೆ ಲಕ್ಷದ ಹತ್ತಿರ ಬೆರಳುಗಳು, ಬೇರೆ ಬೇರೆ ಊರಿನಲ್ಲಿ, ಒಂದೇ ಸೆಕೆಂಡಿಗೆ ಒಂದೇ ಗುಂಡಿ ಒತ್ತಿದ್ದು ಮನುಷ್ಯ ಚರಿತ್ರೆಯಲ್ಲೇ ಅಪರೂಪ.

ಅದು ಸಂಭ್ರಮದ ಕ್ಷಣ. 2021ರ ಏಪ್ರಿಲ್, ಮೇಯಲ್ಲಿ ನಮಗೆ ಬಂದದ್ದು ಸಂಕಟದ ಕ್ಷಣ. ಕೋವಿಡ್ ಎರಡನೇ ಅಲೆಯಲ್ಲಿ ಆಕ್ಸಿಜನ್, ಐಸಿಯು ಹಾಸಿಗೆ, ಇಂಜೆಕ್ಷನ್ ಹುಡುಕಿ ಜನ ಬರೆದದ್ದು ಟ್ವಿಟರ್‌ನಲ್ಲೇ. ಬೆಂಗಳೂರಿನಲ್ಲಿ ನೂರಾರು ಅಪರಿಚಿತರು ರಾತ್ರಿಯೆಲ್ಲ ಎದ್ದು ಕೂತು ಫೋನ್ ಮಾಡಿ, ಯಾವ ನಂಬರು ನಿಜ, ಎಲ್ಲಿ ಸಿಲಿಂಡರ್ ಉಳಿದಿದೆ ಎಂದು ತಿಳಿದು ಬರೆಯುತ್ತಿದ್ದರು. ಗೊತ್ತಿಲ್ಲದವರ ಬರಹವನ್ನೂ ಊರ ಹೆಸರಿನಿಂದ ಹುಡುಕಬಹುದು ಎಂಬ ಒಂದೇ ಗುಣ ಅದನ್ನು ಸಾಧ್ಯವಾಗಿಸಿತು. ವಾಟ್ಸ್ಯಾಪ್‌ನಲ್ಲಿ ಅದೇ ನಂಬರುಗಳು ಮೂರು ದಿನ ಹಳಸಿ ತಿರುಗುತ್ತಿದ್ದವು, ಪ್ರಾಣ ಉಳಿಸುವ ಹೊತ್ತಿನಲ್ಲಿ ಜನ ಸತ್ತ ನಂಬರುಗಳಿಗೆ ಕರೆ ಮಾಡುತ್ತಿದ್ದರು. ತಿಳಿದವರು ಪ್ರತಿ ಬರಹಕ್ಕೂ ಖಾತರಿ ಮಾಡಿಕೊಂಡ ಗಂಟೆ ನಮೂದಿಸಲು ಕಲಿತರು. ಪ್ರವಾಹ, ರಸ್ತೆ ತಡೆ, ಕಳೆದುಹೋದವರ ಹುಡುಕಾಟ, ಇಂಥ ಯಾವುದೇ ವಿಷಯ ಬರೆಯುವಾಗ ದಿನಾಂಕ, ಗಂಟೆ, ಊರು ಮೂರೂ ಇರಲೇಬೇಕು. ಇದನ್ನು ನಾನು ಎಲ್ಲಿ ಬೇಕಾದರೂ ಒತ್ತಿ ಹೇಳುತ್ತೇನೆ.

ಬಿರುಸಿಗೆ ಬೆಲೆ ತೆರಬೇಕಾಗುತ್ತದೆ. 2018ರ ಮಾರ್ಚ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಎಂಐಟಿಯ ಮೂವರು ಸಂಶೋಧಕರು ಪ್ರಕಟಿಸಿದ ಅಧ್ಯಯನ ಹನ್ನೊಂದು ವರ್ಷಗಳ ಟ್ವಿಟರ್ ಸುದ್ದಿಗಳನ್ನು ಜಾಲಾಡಿತ್ತು. ಸುಮಾರು 1 ಲಕ್ಷ 26 ಸಾವಿರ ಸುದ್ದಿಸರಣಿ, ಹರಡಿದವರು 30 ಲಕ್ಷ ಜನ. ಸುಳ್ಳು ಸುದ್ದಿ ಮತ್ತೆ ಹಂಚಿಕೆಯಾಗುವ ಸಂಭವ ನಿಜಕ್ಕಿಂತ ಶೇಕಡಾ 70ರಷ್ಟು ಹೆಚ್ಚು. 1,500 ಜನರನ್ನು ಮುಟ್ಟಲು ನಿಜ ತೆಗೆದುಕೊಂಡ ಹೊತ್ತು ಸುಳ್ಳಿನ ಆರು ಪಟ್ಟು. ಇದನ್ನು ಮಾಡಿದ್ದು ಯಂತ್ರಗಳಲ್ಲ, ಮನುಷ್ಯರೇ ಎಂದೂ ಅವರು ತೋರಿಸಿದರು.

ಟ್ವಿಟರ್‌ನ ಮೊದಲ ಮಿತಿ 140 ಅಕ್ಷರ ಬಂದದ್ದು ಎಸ್ಸೆಮ್ಮೆಸ್‌ನ 160ರಿಂದ, ಹೆಸರಿಗೆಂದು 20 ಕಳೆದು. ಕನ್ನಡದಲ್ಲಿ ಎಸ್ಸೆಮ್ಮೆಸ್ ಬರೆದರೆ ಸಿಗುವುದು 70 ಮಾತ್ರ, ಏಕೆಂದರೆ ನಮ್ಮ ಲಿಪಿಗೆ ಬೇಕಾದ ಜಾಗ ಹೆಚ್ಚು. 2017ರಲ್ಲಿ ಟ್ವಿಟರ್ ಮಿತಿ 280 ಆಯಿತು. ಆಗಲೂ ಕನ್ನಡಿಗನಿಗೆ ಸಿಕ್ಕಿದ್ದು 280 ಅಕ್ಷರವಲ್ಲ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಸ, ತ, ರ, ಎರಡು ಒತ್ತುಕೊಂಡಿ, ಒಂದು ದೀರ್ಘ ಸೇರಿ ಆರು. ಹಾಗಾಗಿ ಎಕ್ಸ್‌ನಲ್ಲಿ ಕನ್ನಡ ಬರೆಯುವವರು ಮಾತನ್ನು ಇನ್ನೂ ಬಿಗಿ ಹಿಡಿಯಬೇಕು. ಕನ್ನಡದಲ್ಲಿ ಉದ್ದಕ್ಕೆ ಬರೆದು, ಉದ್ದಕ್ಕೆ ವಾದಿಸಲು ಫೇಸ್‌ಬುಕ್ ಒಗ್ಗಿದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ಇನ್‌ಸ್ಟಾಗ್ರಾಮ್‌ಗೆ ಲಿಪಿಯ ತೊಡಕಿಲ್ಲ. 2019ರ ಜನವರಿಯಲ್ಲಿ ಅಲ್ಲಿ ಯಾರೋ ಹಾಕಿದ ಒಂದು ಕೋಳಿಮೊಟ್ಟೆಯ ಚಿತ್ರ ಹತ್ತೇ ದಿನದಲ್ಲಿ ಆವರೆಗಿನ 1 ಕೋಟಿ 80 ಲಕ್ಷ ಚಿಲ್ಲರೆ ಲೈಕುಗಳ ದಾಖಲೆ ಮುರಿಯಿತು. ಮುಂದೆ 5 ಕೋಟಿ ದಾಟಿತು. ಮೊಟ್ಟೆಗೆ ಯಾವ ಭಾಷೆ! ಕಣ್ಣಿಗೆ ಕಾಣುವುದೇ ನಿಮ್ಮ ಬಂಡವಾಳವಾದರೆ, ಇಳಕಲ್ ಸೀರೆಯೋ, ಚನ್ನಪಟ್ಟಣದ ಗೊಂಬೆಯೋ, ಕಿನ್ನಾಳದ ಕೆತ್ತನೆಯೋ ಆದರೆ, ಅದರ ಜಾಗ ಇದೇ.

ಕೆಲಸ ಹುಡುಕುವವರಿಗೆ ಒಂದು ಅಂಕಿ. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಜನರನ್ನು ಐದು ವರ್ಷದ ಅವಧಿಯಲ್ಲಿ ಪರೀಕ್ಷಿಸಿದ ಅಧ್ಯಯನ ಹೊರಬಂತು. 200 ಕೋಟಿ ಹೊಸ ಪರಿಚಯ, 6 ಲಕ್ಷ ಹೊಸ ಉದ್ಯೋಗದ ಲೆಕ್ಕ ಅದರಲ್ಲಿತ್ತು. ಕೆಲಸ ಕೊಡಿಸುವುದರಲ್ಲಿ ಆಪ್ತ ಗೆಳೆಯರಿಗಿಂತ ಅಲ್ಪಸ್ವಲ್ಪ ಪರಿಚಯದವರೇ ಹೆಚ್ಚು ಉಪಯೋಗಕ್ಕೆ ಬಂದಿದ್ದರು. ಆಪ್ತರಿಗೆ ಗೊತ್ತಿರುವ ಖಾಲಿ ಹುದ್ದೆ ನಿಮಗೂ ಗೊತ್ತಿರುತ್ತದೆ. ದೂರದವನಿಗೆ ಗೊತ್ತಿರುವುದು ಬೇರೆ. ಹಳೆಯ ಸಹಪಾಠಿಗೆ ಸಂಕೋಚವಿಲ್ಲದೆ ಬರೆಯಿರಿ. ದೂರದವರೂ ಅಷ್ಟೇನು ದೂರವಿಲ್ಲ. ಫೇಸ್‌ಬುಕ್ 2016ರಲ್ಲಿ ತನ್ನ 159 ಕೋಟಿ ಬಳಕೆದಾರರನ್ನು ಲೆಕ್ಕ ಹಾಕಿದಾಗ ಯಾರಿಂದ ಯಾರಿಗಾದರೂ ಸರಾಸರಿ ದೂರ 3.57 ಮಂದಿ. ಹಾಸನದ ಹಳ್ಳಿಯವನಿಂದ ಬ್ರೆಜಿಲ್‌ನ ಅಪರಿಚಿತನವರೆಗೆ ನಡುವೆ ಮೂರೋ ನಾಲ್ಕೋ ಜನ!

ಇಷ್ಟೆಲ್ಲ ಒಂದೇ ಹಗ್ಗಕ್ಕೆ ಕಟ್ಟಿರುವುದೂ ಒಂದು ಅಪಾಯ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಯಾಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ಮುಚ್ಚಿಹೋದವು. ಮಾಲೀಕರು ಒಬ್ಬರೇ, ದಾರಿ ತಪ್ಪಿದ್ದು ಒಂದೇ ತಿದ್ದುಪಡಿಯಿಂದ. ಆ ಒಂದು ದಿನದಲ್ಲಿ ಟೆಲಿಗ್ರಾಂಗೆ 7 ಕೋಟಿ ಹೊಸಬರು ಸೇರಿದರು. ಎರಡು ಲಕ್ಷ ಜನರ ಗ್ರೂಪು, ದೊಡ್ಡ ಫೈಲು ಹಿಡಿಯುವ ಆ ತಾಣವನ್ನು ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರು ಟಿಪ್ಪಣಿ ಹಂಚಲು ಬಳಸುತ್ತಾರೆ, ಒಳ್ಳೆಯ ಬಳಕೆಯೇ. ಆದರೆ ವ್ಯಾಪಾರವನ್ನೆಲ್ಲ ಮೂರು ತಾಣಗಳಲ್ಲಿ ಹರಡಿದ್ದೇನೆ ಎಂದುಕೊಂಡವರು ಆ ರಾತ್ರಿ ತಾವು ನಿಂತಿದ್ದದ್ದು ಒಂದೇ ಮನೆಯಲ್ಲಿ ಎಂದು ಕಂಡುಕೊಂಡರು. ಗಿರಾಕಿಗಳ ಫೋನ್ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಇಂದಿಗೂ ಜಾಣತನ.

ಒಂದು ಕೋರಿಕೆ ಇದೆ. ನಿಮ್ಮ ಮನೆಯ ಅಜ್ಜಿಗೆ ಸೋಬಾನೆ ಪದ, ಬೀಸುಕಲ್ಲಿನ ಹಾಡು ಬರುತ್ತಿರಬಹುದು. ಅಜ್ಜನಿಗೆ ಏತದಲ್ಲಿ ನೀರೆತ್ತುವ ಕ್ರಮ, ಮಣ್ಣು ನೋಡಿ ಬಿತ್ತುವ ವಿಧಾನ ಗೊತ್ತಿರಬಹುದು. ಮೊಮ್ಮಕ್ಕಳು ಅದನ್ನು ಫೋನಿನಲ್ಲಿ ಹಿಡಿದು ಕುಟುಂಬದ ಗ್ರೂಪಿಗೆ ಹಾಕುತ್ತಾರೆ, ಹತ್ತು ಜನ ಕೈ ಮುಗಿದ ಚಿತ್ರ ಒತ್ತುತ್ತಾರೆ, ಫೋನ್ ತುಂಬಿದಾಗ ಅಳಿಸಿಬಿಡುತ್ತಾರೆ. ದಯವಿಟ್ಟು ಅದನ್ನು ಯೂಟ್ಯೂಬ್‌ಗೆ ಏರಿಸಿ. ಅವರ ಒಪ್ಪಿಗೆ ಕೇಳಿಯೇ ಏರಿಸಿ. ಹಾಡಿದವರ ಹೆಸರು, ಊರು, ತಾಲ್ಲೂಕು, ವರ್ಷ, ಹಾಡಿನ ಮೊದಲ ಸಾಲು ಇಷ್ಟನ್ನೂ ಕನ್ನಡ ಲಿಪಿಯಲ್ಲೇ ಕೆಳಗೆ ಬರೆಯಿರಿ, ಹುಡುಕುವವರಿಗೆ ಸಿಗುವುದು ಅದರಿಂದಲೇ. ನಲವತ್ತು ಜನ ನೋಡಿದರೂ ಸಾಕು. ಈ ರಜೆಗೆ ಊರಿಗೆ ಹೋದಾಗ ಮಾಡಿ.